ಟಿಎಸ್‌ಎಚ್: ರಿಪೋರ್ಟಿನಲ್ಲಿ ಜಾಸ್ತಿ, ಮೈಯಲ್ಲಿ ಕಡಿಮೆ

ಲ್ಯಾಬ್ ರಿಪೋರ್ಟಿನಲ್ಲಿ ಟಿಎಸ್‌ಎಚ್ ಎದುರಿಗೆ 18 ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಪಕ್ಕದಲ್ಲಿ ಇರಬೇಕಾದ ಮಟ್ಟ ಸುಮಾರು 0.4ರಿಂದ 4. ನೋಡಿದವರು ಹೌಹಾರುತ್ತಾರೆ. 'ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆಗಿಬಿಟ್ಟಿದೆಯಂತೆ' ಎಂದು ಮನೆಗೆ ಫೋನ್ ಹೋಗುತ್ತದೆ. ಆಮೇಲೆ ಡಾಕ್ಟರ ಹತ್ತಿರ ಹೋದರೆ ಅವರು ಬರೆದುಕೊಡುವುದು ಥೈರಾಯ್ಡ್ ಹಾರ್ಮೋನಿನ ಮಾತ್ರೆಯನ್ನೇ! ಜಾಸ್ತಿ ಇರುವುದನ್ನೇ ಮತ್ತೆ ನುಂಗಿ ಅಂದರೆ ಏನರ್ಥ?

ವಿಷಯ ಏನೆಂದರೆ, ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವುದೇ ಇಲ್ಲ. ಪೂರ್ತಿ ಹೆಸರು ಥೈರಾಯ್ಡ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್ ಅದು. ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಗ್ರಂಥಿಯಿಂದ. ಗಾತ್ರ ಬಟಾಣಿ ಕಾಳಿನಷ್ಟು, ತೂಕ ಅರ್ಧ ಗ್ರಾಂ ಆಸುಪಾಸು. ಅದರ ಮೇಲೆ ಹೈಪೋಥಲಾಮಸ್ ಎಂಬ ಇನ್ನೊಬ್ಬ ಯಜಮಾನ ಇದ್ದಾನೆ, ಅವನ ಸುದ್ದಿ ಇಲ್ಲಿ ಬೇಡ.

ಒಂದು ಅಂಗ ಇನ್ನೊಂದಕ್ಕೆ ರಕ್ತದ ಮೂಲಕ ಹೇಳಿ ಕಳಿಸುತ್ತದೆ ಎಂಬುದು ಗೊತ್ತಾಗಿ ಬಹಳ ಕಾಲವೇನೂ ಆಗಿಲ್ಲ. ಅದಕ್ಕೂ ಮೊದಲು ಇಂಥ ಕೆಲಸವೆಲ್ಲ ನರಗಳದ್ದೇ ಅಂದುಕೊಂಡಿದ್ದರು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಒಂದು ನಾಯಿಯ ಸಣ್ಣ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿದರು. ನಂಟು ಉಳಿದದ್ದು ರಕ್ತನಾಳಗಳ ಮೂಲಕ ಮಾತ್ರ. ಆ ತುಂಡಿಗೆ ಆಮ್ಲ ಹಾಕಿದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ನರ ಇಲ್ಲದೆ ಸುದ್ದಿ ಮುಟ್ಟಿದ್ದು ಹೇಗೆ? ಕರುಳಿನ ಒಳಪದರವನ್ನು ಕೆರೆದು, ಆಮ್ಲದ ಜೊತೆ ಅರೆದು, ಸೋಸಿ, ರಕ್ತಕ್ಕೆ ಚುಚ್ಚಿದರು. ಆಗಲೂ ರಸ ಬಂತು. ಕರುಳಿನಿಂದ ಹೊರಟ ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಹಾರ್ಮೋನ್ ಎಂಬ ಮಾತನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ.

ರಕ್ತ ಮೈಯೆಲ್ಲ ಸುತ್ತುತ್ತದೆ, ಹಾಗಾದರೆ ಹಾರ್ಮೋನ್ ಸರಿಯಾದ ಜಾಗ ಹುಡುಕುವುದು ಹೇಗೆ? ಅದು ಹುಡುಕುವುದೇ ಇಲ್ಲ. ಎಲ್ಲ ಕಡೆಗೂ ಹೋಗುತ್ತದೆ. ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಯಾವ ಜೀವಕೋಶದಲ್ಲಿದೆಯೋ ಅಲ್ಲಿ ಮಾತ್ರ ಕೆಲಸ ನಡೆಯುತ್ತದೆ. ಟಿಎಸ್‌ಎಚ್‌ನ ರಿಸೆಪ್ಟರ್ ಮುಖ್ಯವಾಗಿ ಥೈರಾಯ್ಡ್‌ನಲ್ಲಿದೆ. ಥೈರಾಯ್ಡ್ ಹಾರ್ಮೋನಿನ ರಿಸೆಪ್ಟರ್‌ಗಳು ಹೆಚ್ಚು ಕಡಿಮೆ ಮೈತುಂಬ ಇವೆ. ಅದಕ್ಕೇ ಥೈರಾಯ್ಡ್ ಸೊರಗಿದರೆ ತೊಂದರೆ ಒಂದು ಕಡೆ ಕಾಣಿಸುವುದಿಲ್ಲ. ಸುಸ್ತು, ಚಳಿ, ಮಲಬದ್ಧತೆ, ಒಣಗಿದ ಚರ್ಮ, ಉದುರುವ ಕೂದಲು, ಏರುಪೇರಾದ ಮುಟ್ಟು, ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ದೂರುಗಳು. ಎಷ್ಟೋ ಹೆಂಗಸರು ಇದನ್ನೆಲ್ಲ 'ವಯಸ್ಸಾಯ್ತಲ್ಲ' ಎಂದು ವರ್ಷಗಟ್ಟಲೆ ತಳ್ಳಿಕೊಂಡು ಬರುತ್ತಾರೆ.

ಥೈರಾಯ್ಡ್ ಇರುವುದು ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಂತೆ. ರಕ್ತದಿಂದ ಅಯೋಡಿನ್ ಹೀರಿಕೊಂಡು ಅದು ಮುಖ್ಯವಾಗಿ ಟಿ4 ಎಂಬ ಹಾರ್ಮೋನ್ ತಯಾರಿಸುತ್ತದೆ. ಒಂದೊಂದು ಕಣದಲ್ಲೂ ಅಯೋಡಿನ್ನಿನ ನಾಲ್ಕು ಪರಮಾಣು. ಲಿವರ್, ಕಿಡ್ನಿ ಮುಂತಾದ ಕಡೆ ಅದರಲ್ಲೊಂದನ್ನು ಕಳಚಿದರೆ ಟಿ3. ಜೀವಕೋಶಗಳಲ್ಲಿ ನಿಜವಾದ ಕೆಲಸ ಮಾಡುವುದು ಈ ಟಿ3.

ಈಗ ಆ 18ಕ್ಕೆ ಬರೋಣ. ರಕ್ತದಲ್ಲಿ ಟಿ4, ಟಿ3 ಸಾಕಷ್ಟಿದೆಯಾ ಎಂದು ಪಿಟ್ಯುಟರಿ ಸದಾ ಗಮನಿಸುತ್ತಿರುತ್ತದೆ. ಸಾಕಷ್ಟಿದ್ದರೆ ಟಿಎಸ್‌ಎಚ್ ಕಡಿಮೆ ಮಾಡುತ್ತದೆ. ಕಮ್ಮಿ ಆದರೆ ಏರಿಸುತ್ತದೆ. ಆದರೂ ಥೈರಾಯ್ಡ್ ಏಳದಿದ್ದರೆ ಇನ್ನೂ ಏರಿಸುತ್ತದೆ. ಕರೆದರೆ ಓಗೊಡದ ಮಗನನ್ನು ಅಮ್ಮ ಅಡುಗೆಮನೆಯಿಂದ ಎರಡನೇ ಸಲ, ಮೂರನೇ ಸಲ ದನಿ ಏರಿಸಿ ಕೂಗುತ್ತಾಳಲ್ಲ, ಹಾಗೆ. ರಿಪೋರ್ಟಿನ 18 ಆ ಕೂಗಿನ ಜೋರು. ಮಾತ್ರೆ ನುಂಗಿ ಟಿ4 ಸಾಕಷ್ಟಾದರೆ ಕೂಗುವ ಅಗತ್ಯ ಇರುವುದಿಲ್ಲ, ಟಿಎಸ್‌ಎಚ್ ತಾನಾಗಿ ಇಳಿಯುತ್ತದೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯಲ್ಲಿ ಇದೇ ಲೆಕ್ಕ ತಿರುಗುಮುರುಗು: ಟಿ4 ಮೇಲೆ, ಟಿಎಸ್‌ಎಚ್ ಸೊನ್ನೆಯ ಹತ್ತಿರ.

ಪಿಟ್ಯುಟರಿ ಬಲು ಸೂಕ್ಷ್ಮ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಬರೀ ಎರಡು ಪಟ್ಟಲ್ಲ, ನೂರು ಪಟ್ಟಿನವರೆಗೂ ಏರಬಹುದು. ಟಿ4 ಇನ್ನೂ ಸರಿಯಾದ ಮಟ್ಟದೊಳಗೇ ಇದೆ ಅನ್ನಿಸುವಾಗಲೇ ಟಿಎಸ್‌ಎಚ್ ಗೆರೆ ದಾಟಿರುತ್ತದೆ. ಡಾಕ್ಟರು ಮೊದಲು ಅದನ್ನೇ ಕೇಳುವುದು ಇದಕ್ಕೇ.

ಟಿಎಸ್‌ಎಚ್ ಹಾರ್ಮೋನ್ ತಯಾರಿಸಲು ಹೇಳುವುದಷ್ಟೇ ಅಲ್ಲ, ಗ್ರಂಥಿಯನ್ನು ಬೆಳೆಸುತ್ತದೆ ಕೂಡ. ಊಟದಲ್ಲಿ ಅಯೋಡಿನ್ ಇಲ್ಲದಿದ್ದರೆ ಪಾಪ ಥೈರಾಯ್ಡ್ ಏನು ಮಾಡೀತು? ಮಾಡಲು ಮನಸ್ಸಿದ್ದರೂ ಸಾಮಾನಿಲ್ಲ. ಟಿಎಸ್‌ಎಚ್ ಏರುತ್ತಲೇ ಹೋಗುತ್ತದೆ, ಗ್ರಂಥಿ ಊದುತ್ತಲೇ ಹೋಗುತ್ತದೆ. ಅದೇ ಗಳಗಂಡ. ಹಿಮಾಲಯದ ತಪ್ಪಲಿನ ಮಣ್ಣಿನಲ್ಲಿ ಅಯೋಡಿನ್ ಕಡಿಮೆ, ಅಲ್ಲಿ ಊರೂರೇ ಕತ್ತು ಊದಿಸಿಕೊಂಡಿದ್ದವು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ರಾ ಕಣಿವೆಯಲ್ಲಿ ಒಂದು ಪರೀಕ್ಷೆ ಶುರು ಮಾಡಿದರು. ಕಣಿವೆಯನ್ನು ಮೂರು ಭಾಗ ಮಾಡಿ ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಮಾಮೂಲಿ ಉಪ್ಪು ಕೊಟ್ಟರು. ಅಯೋಡಿನ್ ಉಪ್ಪು ತಿಂದ ಕಡೆ ಶಾಲೆಯ ಮಕ್ಕಳಲ್ಲಿ ಗಳಗಂಡ ಚೆನ್ನಾಗಿ ಇಳಿಯಿತು. 1962ರಲ್ಲಿ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಬೇಕಾಗುವುದು ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್, ಬಸುರಿಯರಿಗೆ ಇನ್ನೂ ಜಾಸ್ತಿ. ಕಣ್ಣಿಗೆ ಕಂಡೂ ಕಾಣದಷ್ಟು!

ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಸೊರಗಲು ಮುಖ್ಯ ಕಾರಣ ಹಾಶಿಮೊಟೊ ಕಾಯಿಲೆ. ಮೈಯ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ತಿರುಗಿ ಬೀಳುತ್ತದೆ. ಗ್ರಂಥಿಯೇ ಹಾಳಾದಾಗ ಉಪ್ಪು ಜಾಸ್ತಿ ತಿಂದು ಪ್ರಯೋಜನವಿಲ್ಲ, ಬಿಪಿ ಏರೀತು ಅಷ್ಟೆ. ಇಲ್ಲಿ ಬೇಕಾಗುವುದು ಲೆವೊಥೈರಾಕ್ಸಿನ್ ಮಾತ್ರೆ. ಅದು ಮೈಯಲ್ಲಿ ತಯಾರಾಗುವ ಟಿ4ನದೇ ಪಡಿಯಚ್ಚು.

ಈ ಮಾತ್ರೆಗೆ ಖಾಲಿ ಹೊಟ್ಟೆ ಬೇಕು, ನೀರಿನ ಜೊತೆ. ಕಾಫಿ, ತಿಂಡಿ ಆಮೇಲೆ ಅರ್ಧ ಮುಕ್ಕಾಲು ಗಂಟೆಯಾದರೂ ಬಿಟ್ಟು. ನಮ್ಮಲ್ಲಿ ಎಷ್ಟೋ ಜನಕ್ಕೆ ಇದೇ ದೊಡ್ಡ ಶಿಕ್ಷೆ! ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಟಿ4 ಸರಿಯಾಗಿ ಮೈಗೆ ಸೇರುವುದಿಲ್ಲ. ಡೋಸು ಬದಲಾದ ಹತ್ತೇ ದಿನಕ್ಕೆ ಮತ್ತೆ ರಕ್ತ ಕೊಟ್ಟು ಬರುವವರೂ ಇದ್ದಾರೆ. ಸುಮ್ನೆ ದುಡ್ಡು ದಂಡ. ರಕ್ತದಲ್ಲಿರುವ ಟಿ4 ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಹೊಸ ಡೋಸಿಗೆ ಮಟ್ಟ ನೆಲೆಯಾಗಿ, ಪಿಟ್ಯುಟರಿ ಅದನ್ನು ಒಪ್ಪಿಕೊಳ್ಳಲು ಆರರಿಂದ ಎಂಟು ವಾರ ಬೇಕು.

ಟಿಎಸ್‌ಎಚ್ ಒಂದನ್ನೇ ನಂಬಿ ಕೂರುವ ಹಾಗಿಲ್ಲದ ಸಂದರ್ಭಗಳೂ ಇವೆ. ಪಿಟ್ಯುಟರಿಯೇ ಕಾಯಿಲೆ ಬಿದ್ದರೆ ಟಿ4 ಕಡಿಮೆಯಾದರೂ ಟಿಎಸ್‌ಎಚ್ ಏರುವುದಿಲ್ಲ. ಆಗ ಫ್ರೀ ಟಿ4, ಅಂದರೆ ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4, ಕೂಡ ನೋಡಬೇಕು. ಬಸುರಿಯರಲ್ಲಿ ಇನ್ನೊಂದು ತಮಾಷೆ. ಮೊದಲ ತಿಂಗಳುಗಳಲ್ಲಿ ಏರುವ ಎಚ್‌ಸಿಜಿ ಎಂಬ ಹಾರ್ಮೋನಿನ ರಚನೆ ಟಿಎಸ್‌ಎಚ್‌ಗೆ ತುಂಬ ಹತ್ತಿರ. ಅದು ಥೈರಾಯ್ಡನ್ನು ತಾನೇ ಸ್ವಲ್ಪ ಎಬ್ಬಿಸುತ್ತದೆ, ಪಿಟ್ಯುಟರಿ ಟಿಎಸ್‌ಎಚ್ ಇಳಿಸುತ್ತದೆ. ಆದ್ದರಿಂದ ಮೂರನೇ ತಿಂಗಳ ಬಸುರಿಯ ರಿಪೋರ್ಟಿನಲ್ಲಿ ಟಿಎಸ್‌ಎಚ್ ಸ್ವಲ್ಪ ಕೆಳಗಿದ್ದರೆ ಅದು ಕಾಯಿಲೆಯೇ ಆಗಿರಬೇಕೆಂದಿಲ್ಲ. ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕುವ ಮಾಮೂಲಿ ಮಟ್ಟ ಬಸುರಿಯರದ್ದಲ್ಲ.