ಮ್ಯಾಟ್ರಿಕ್ಸ್ ಒಂದೇ, ಬರೆಯುವ ಕೈ ಎರಡು

ರಸ್ಟ್ ಪ್ರೋಗ್ರಾಮಿಂಗ್ ಭಾಷೆಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಒಂದು ಮ್ಯಾಟ್ರಿಕ್ಸ್ ಇದೆ. ಅದರ ಮೂರನೇ ಸಾಲನ್ನು ಓದಿ ಐದನೇ ಸಾಲಿಗೆ ಕೂಡಿಸಬೇಕು, ಅಷ್ಟೇ. ಸಿ ಭಾಷೆಯಲ್ಲಾದರೆ ಎರಡು ಪಾಯಿಂಟರ್, ಒಂದು ಲೂಪ್, ಮುಗೀತು. ಇಲ್ಲಿ ಓದಲು ಒಂದು ಸಾಲು, ಬರೆಯಲು ಒಂದು ಸಾಲು ಕೇಳಿದರೆ ಇ0502 ಎಂಬ ಎರರ್ ಬರುತ್ತದೆ, ಒಬ್ಬರು ಬರೆಯುತ್ತಿರುವಾಗ ಅದೇ ವಸ್ತುವನ್ನು ಬೇರೆ ಯಾರೂ ಹಿಡಿದಿರಬಾರದು ಅನ್ನುವುದು ರಸ್ಟ್‌ನ ನಿಯಮ. ಎರಡನ್ನೂ ಬರೆಯಲು ಕೇಳಿದರೆ ಇ0499. ಮೂರು ಬೇರೆ, ಐದು ಬೇರೆ ಅಂತ ಕಂಪೈಲರ್‌ಗೆ ಅಷ್ಟೂ ಗೊತ್ತಾಗಲ್ವಾ ಅಂತ ಸಿಟ್ಟು ಬರುವುದು ಸಹಜ.

ಗೊತ್ತಾಗುವುದಿಲ್ಲ. ಅದು ನೋಡುವುದು ವೇರಿಯಬಲ್ಲನ್ನು, ಇಂಡೆಕ್ಸಿನ ಬೆಲೆಯನ್ನಲ್ಲ. ಇವತ್ತು ಮೂರು, ಐದು ಅಂತ ಬರೆದಿದ್ದೀರಿ. ನಾಳೆ ಅದೇ ಜಾಗಕ್ಕೆ ಐ, ಜೆ ಬರುತ್ತವೆ, ಒಂದು ದಿನ ಎರಡೂ ಒಂದೇ ಆಗುತ್ತವೆ. ಆಗ ಸಿಟ್ಟು ಮಾಡಿಕೊಂಡವರು ಸೀದಾ ಅನ್‌ಸೇಫ್ ಬ್ಲಾಕಿಗೆ (ಸುರಕ್ಷತೆಯ ಹೊಣೆ ಕಂಪೈಲರ್ ಬದಲು ಬರೆಯುವವರದೇ ಆಗುವ ಭಾಗ) ಹೋಗುತ್ತಾರೆ, ಇಲ್ಲವಾದರೆ ಇಡೀ ಸಾಲನ್ನು ಕ್ಲೋನ್ ಮಾಡುತ್ತಾರೆ. ಎರಡೂ ಬೇಡ. ಯಾರಿಗೆ ಯಾವ ಭಾಗ ಅಂತ ಮೊದಲು ಪಾಲು ಮಾಡಿ, ಆಮೇಲೆ ಬರೆಯಲು ಕೊಡಿ. ಅಣ್ಣತಮ್ಮಂದಿರು ಬದು ಹಾಕಿಕೊಂಡ ಮೇಲೆ ಉಳುವ ಹಾಗೆ. ಉಳುತ್ತಾ ಉಳುತ್ತಾ ಗಡಿ ನೋಡಿಕೊಳ್ಳೋಣ ಅಂದರೆ ಜಗಳ ಖಂಡಿತ.

ಪಾಲು ಮಾಡುವುದಕ್ಕೆ ಮುಂಚೆ ವ್ಯೂ ಅಂದರೆ ಏನು ಅಂತ ಸ್ಪಷ್ಟವಾಗಿರಬೇಕು. ರಸ್ಟ್‌ನಲ್ಲಿ ಅರೇಗಳಿಗಾಗಿ ಇರುವ ಎನ್‌ಡಿಅರೇ ಕ್ರೇಟ್‌ನಲ್ಲಿ (ಲೈಬ್ರರಿಯಲ್ಲಿ) ಅದು ಒಂದು ಪಾಯಿಂಟರ್, ಒಂದು ಆಕಾರ, ಪ್ರತಿ ಅಕ್ಷಕ್ಕೆ ಒಂದು ಸ್ಟ್ರೈಡ್. ಅಷ್ಟೇ. 1024×1024 ಎಫ್32 (4 ಬೈಟಿನ ದಶಮಾಂಶ ಸಂಖ್ಯೆ) ಮ್ಯಾಟ್ರಿಕ್ಸ್ 4 ಎಂಬಿ ಇರಬಹುದು, ಆದರೆ ಅದರ ವ್ಯೂ ಕೆಲವೇ ಬೈಟ್. ಸ್ಟ್ರೈಡ್ ಅಂದರೆ ಆ ಅಕ್ಷದಲ್ಲಿ ಒಂದು ಹೆಜ್ಜೆ ಇಟ್ಟರೆ ಮೆಮೊರಿಯಲ್ಲಿ ಎಷ್ಟು ಮನೆ ದಾಟಬೇಕು ಅನ್ನುವುದು. ಇಲ್ಲಿ ಸಾಲಿಗೆ 1024, ಕಾಲಮ್ಮಿಗೆ 1. ಟ್ರಾನ್ಸ್‌ಪೋಸ್ ಬೇಕಾ? ಈ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿ. ತಲೆಕೆಳಗು ಬೇಕಾ? ಸ್ಟ್ರೈಡ್‌ಗೆ ಮೈನಸ್ ಹಾಕಿ, ಪಾಯಿಂಟರನ್ನು ಕೊನೆಯ ಸಾಲಿಗೆ ಒಯ್ಯಿರಿ. ಡೇಟಾ ಒಂದು ಬೈಟೂ ಅಲುಗುವುದಿಲ್ಲ.

ಓದುವುದಕ್ಕೆ ಇದು ಸ್ವರ್ಗ. ಬರೆಯುವಾಗ ಒಂದು ಶರತ್ತು ಬರುತ್ತದೆ: ಎರಡು ಬೇರೆ ಇಂಡೆಕ್ಸ್‌ಗಳು ಒಂದೇ ಮನೆಗೆ ಹೋಗಿ ನಿಲ್ಲಬಾರದು. ಬ್ರಾಡ್‌ಕಾಸ್ಟ್ ಮಾಡಿದಾಗ, ಅಂದರೆ ಚಿಕ್ಕ ಅರೇಯನ್ನು ದೊಡ್ಡದರ ಹಾಗೆ ತೋರಿಸಿದಾಗ, ಸ್ಟ್ರೈಡ್ ಸೊನ್ನೆ ಆಗುತ್ತದೆ, ಒಂದೇ ಮನೆ ಸಾವಿರ ಮನೆಯ ಹಾಗೆ ಕಾಣುತ್ತದೆ. ಅದಕ್ಕೇ ಎನ್‌ಡಿಅರೇಯ ಬ್ರಾಡ್‌ಕಾಸ್ಟ್ ಓದುವ ವ್ಯೂ ಮಾತ್ರ ಕೊಡುತ್ತದೆ. ಪೈಥಾನ್‌ನ ಅರೇ ಲೈಬ್ರರಿ ನಂಪೈನ 'ಬ್ರಾಡ್‌ಕಾಸ್ಟ್ ಟು' ಕೂಡ ಅಷ್ಟೇ. ಅರೇ ಮೇಲೆ ಜಾರುತ್ತಾ ಹೋಗುವ ಕಿಟಕಿಗಳನ್ನು ಕೊಡುವ 'ವಿಂಡೋಸ್'ಗೆ ಬರೆಯುವ ಜೋಡಿ ಇಲ್ಲದಿರುವುದಕ್ಕೂ ಇದೇ ಕಾರಣ, ಯಾಕೆಂದರೆ ಅಕ್ಕಪಕ್ಕದ ಕಿಟಕಿಗಳು ಒಂದನ್ನೊಂದು ಹೊದ್ದುಕೊಂಡಿರುತ್ತವೆ. ಇದನ್ನು ಬರೆಯಲು ಮರೆತಿದ್ದಾರೆ ಅಂತ ಕೆಲವರು ತಿಳಿದುಕೊಳ್ಳುತ್ತಾರೆ. ಮರೆತಿಲ್ಲ. ಒಂದೇ ಥ್ರೆಡ್ಡಿನಲ್ಲಿ ನಿಜಕ್ಕೂ ಹಾಗೆ ಬರೆಯಲೇಬೇಕಾದರೆ 'ಸೆಲ್ ವ್ಯೂ' ಇದೆ, ಪ್ರತಿ ಮನೆಯೂ ಒಂದು ಸೆಲ್ ಆಗುತ್ತದೆ, ಆಗ ಎಷ್ಟು ಜನ ಬೇಕಾದರೂ ಹಂಚಿಕೊಳ್ಳಬಹುದು.

ಇನ್ನು ಪಾಲಿನ ವಿಷಯ. ಸ್ಟ್ಯಾಂಡರ್ಡ್ ಲೈಬ್ರರಿಯ 'ಸ್ಪ್ಲಿಟ್ ಅಟ್ ಮ್ಯೂಟ್' ಒಂದು ಸ್ಲೈಸನ್ನು (ಮೆಮೊರಿಯಲ್ಲಿ ಸಾಲಾಗಿರುವ ಮನೆಗಳ ತುಂಡನ್ನು) ಎರಡು ಮಾಡಿ ಎರಡಕ್ಕೂ ಬರೆಯುವ ಹಕ್ಕು ಕೊಡುತ್ತದೆ. ಒಳಗೆ ಅದೂ ಅನ್‌ಸೇಫ್‌ನಲ್ಲೇ ಇದೆ, ಆದರೆ ಒಂದೇ ಕಡೆ ಇದೆ, ನೂರಾರು ಜನ ನೋಡಿದ್ದಾರೆ. ಎನ್‌ಡಿಅರೇಯಲ್ಲಿ ಮ್ಯೂಟಬಲ್ (ಬರೆಯಬಹುದಾದ) ವ್ಯೂ ಮೇಲೆ 'ಸ್ಪ್ಲಿಟ್ ಅಟ್' ಕರೆದು ಯಾವ ಅಕ್ಷ, ಎಲ್ಲಿ ಕತ್ತರಿಸಬೇಕು ಅಂತ ಹೇಳಿದರೆ ಸಾಕು. ಮೂರನೇ ಮತ್ತು ಐದನೇ ಸಾಲಿನ ಕಥೆ ಇಲ್ಲಿಗೆ ಮುಗಿಯಿತು: ನಾಲ್ಕರಲ್ಲಿ ಕತ್ತರಿಸಿ, ಮೇಲಿನ ತುಂಡಿನಿಂದ ಓದಿ, ಕೆಳಗಿನದಕ್ಕೆ ಬರೆಯಿರಿ. ಕತ್ತರಿಸುವುದು ಇಷ್ಟು ಸಲೀಸಾಗಿಲ್ಲದಿದ್ದರೆ 'ಮಲ್ಟಿ ಸ್ಲೈಸ್ ಮ್ಯೂಟ್' ಬಳಸಿ. ಅದಕ್ಕೆ ಹಲವು ಸ್ಲೈಸ್ ಒಟ್ಟಿಗೆ ಕೊಡಬಹುದು. ಒಂದರ ಮೇಲೊಂದು ಬಿದ್ದರೆ ರನ್ ಆಗುವಾಗ ಪ್ಯಾನಿಕ್ ಆಗುತ್ತದೆ, ಅಂದರೆ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ. ಚದುರಂಗದ ಮಣೆಯಂತೆ ಕೆಂಪು ಮನೆ, ಕಪ್ಪು ಮನೆ ಅಂತ ಬಿಡಿಸಿ ಗೌಸ್-ಸೈಡಲ್ (ಸಮೀಕರಣಗಳನ್ನು ಸುತ್ತು ಸುತ್ತಾಗಿ ಬಿಡಿಸುವ ವಿಧಾನ) ಮಾಡುವವರು ಎರಡೆರಡು ಹೆಜ್ಜೆಯ ನಾಲ್ಕು ಸ್ಲೈಸ್ ತೆಗೆದುಕೊಂಡರೆ ಸಾಕು, ನಾಲ್ಕೂ ಒಂದನ್ನೊಂದು ಮುಟ್ಟುವುದಿಲ್ಲ.

ಈ ತಪಾಸಣೆ ಅಗ್ಗ, ಯಾಕೆಂದರೆ ಎಲ್ಲ ಸ್ಲೈಸೂ ಒಂದೇ ಅರೇಯಿಂದ ಬಂದಿವೆ, ಒಂದೊಂದು ಅಕ್ಷವನ್ನೂ ಬೇರೆಯಾಗಿ ನೋಡಿದರೆ ಆಯಿತು. ಯಾವುದೋ ಎರಡು ವ್ಯೂ ತಂದು ಇವು ತಾಗುತ್ತವಾ ಅಂತ ಕೇಳಿದರೆ ಮಾತ್ರ ಪ್ರಶ್ನೆ ನಿಜಕ್ಕೂ ಕಷ್ಟದ್ದು. ನಂಪೈನ 'ಶೇರ್ಸ್ ಮೆಮೊರಿ' ಕೆಟ್ಟ ಸಂದರ್ಭದಲ್ಲಿ ಎಕ್ಸ್‌ಪೊನೆನ್ಷಿಯಲ್ ಸಮಯ ತಿನ್ನಬಲ್ಲದು. 2017ರ ನಂಪೈ 1.13ರಿಂದ ಲೆಕ್ಕದ ಇನ್‌ಪುಟ್ ಮತ್ತು ಔಟ್‌ಪುಟ್ ಒಂದರ ಮೇಲೊಂದು ಬಿದ್ದರೂ ಉತ್ತರ ಸರಿ ಬರುತ್ತದೆ, ಬೇಕಾದ ಕಡೆ ಅದು ಸದ್ದಿಲ್ಲದೆ ಕಾಪಿ ಮಾಡಿಕೊಳ್ಳುತ್ತದೆ. ಪೈಥಾನ್‌ಗೆ ಅದು ಸರಿ. ಸಿಸ್ಟಮ್ಸ್ ಕೋಡಿನಲ್ಲಿ ಸದ್ದಿಲ್ಲದ ಕಾಪಿ ಯಾರಿಗೂ ಬೇಡ.

ಸಿ++ ಕಡೆ ಸಿ++23ರಲ್ಲಿ ಎಮ್‌ಡಿಸ್ಪ್ಯಾನ್ ಎಂಬ ಇಂಥದ್ದೇ ವ್ಯೂ ಬಂತು. ಒಳ್ಳೆಯದೇ, ಇಷ್ಟು ವರ್ಷ ಪ್ರತಿ ಕಂಪನಿಯೂ ತನ್ನದೇ ಮ್ಯಾಟ್ರಿಕ್ಸ್ ಕ್ಲಾಸ್ ಬರೆದುಕೊಂಡಿತ್ತು. ಆದರೆ ಎಮ್‌ಡಿಸ್ಪ್ಯಾನ್ ಕಾಪಿ ಮಾಡಿದರೆ ಅದೇ ಮೆಮೊರಿಗೆ ಬರೆಯುವ ಇನ್ನೊಂದು ಕೈ ಹುಟ್ಟುತ್ತದೆ, ಕೇಳುವವರು ಯಾರೂ ಇಲ್ಲ. ಎಮ್‌ಡಿಸ್ಪ್ಯಾನನ್ನೇ ಕಾನ್ಸ್ಟ್ (ಬದಲಿಸಬಾರದ್ದು) ಮಾಡಿದರೂ ಒಳಗಿನ ಡೇಟಾ ಕಾನ್ಸ್ಟ್ ಆಗುವುದಿಲ್ಲ. ಎಲಿಮೆಂಟ್ ಟೈಪನ್ನೇ ಕಾನ್ಸ್ಟ್ ಮಾಡಬೇಕು. ಕೋಡ್ ರಿವ್ಯೂನಲ್ಲಿ ನಾನು ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ.

ವೇಗದ ಬಗ್ಗೆ ಒಂದು ಸಂಗತಿ ಜಾಸ್ತಿ ಜನರಿಗೆ ಗೊತ್ತಿಲ್ಲ. ರಸ್ಟ್‌ನ ಮ್ಯೂಟಬಲ್ ರೆಫರೆನ್ಸ್‌ಗೆ ಪಾಲುದಾರರಿಲ್ಲ ಅನ್ನುವ ಮಾಹಿತಿ ಎಲ್‌ಎಲ್‌ವಿಎಮ್‌ಗೆ (ಕಂಪೈಲರ್‌ನ ಹಿಂದೆ ಯಂತ್ರಭಾಷೆಯ ಕೋಡ್ ತಯಾರಿಸುವ ಭಾಗ) 'ನೋಏಲಿಯಾಸ್' ಅಂತ ಹೋಗುತ್ತದೆ. ಎಲ್‌ಎಲ್‌ವಿಎಮ್‌ನ ಬಗ್‌ಗಳಿಂದಾಗಿ ಅದನ್ನು ಹಲವು ಸಲ ಆಫ್ ಮಾಡಬೇಕಾಗಿ ಬಂದು, ಕೊನೆಗೆ 2021ರ ರಸ್ಟ್ 1.54ರಲ್ಲಿ ಮತ್ತೆ ಆನ್ ಆಯಿತು. ಸಿ99ರಲ್ಲಿ 'ರಿಸ್ಟ್ರಿಕ್ಟ್' ಅಂತ ಪ್ರೋಗ್ರಾಮರ್ ಕೈಯಾರೆ ಕೊಡುವ ಭರವಸೆ ಇಲ್ಲಿ ಸುಮ್ನೆ ಸಿಗುತ್ತದೆ. ಆದರೆ ಎನ್‌ಡಿಅರೇಯ ಮ್ಯೂಟಬಲ್ ವ್ಯೂ ಒಳಗೆ ಇರುವುದು ಕಚ್ಚಾ ಪಾಯಿಂಟರ್. ಅದಕ್ಕೆ ಆ ಭರವಸೆ ಅಂಟಿಕೊಳ್ಳುವುದಿಲ್ಲ, ಜೊತೆಗೆ ಸ್ಟ್ರೈಡ್ 1 ಅನ್ನುವುದೂ ಕಂಪೈಲರ್‌ಗೆ ಗೊತ್ತಿರುವುದಿಲ್ಲ. ಹಾಗಾಗಿ ಹೊರಗಿನ ಫಂಕ್ಷನ್‌ಗಳು ವ್ಯೂ ತೆಗೆದುಕೊಳ್ಳಲಿ. ತೀರಾ ಒಳಗಿನ, ಕೋಟಿ ಸಲ ಓಡುವ ಲೂಪಿಗೆ ಒಂದೊಂದು ಸಾಲನ್ನೂ ಸಾದಾ ಸ್ಲೈಸ್ ಮಾಡಿ ಕೊಡಿ. 'ಆ್ಯಸ್ ಸ್ಲೈಸ್ ಮ್ಯೂಟ್' ಅದಕ್ಕೇ ಇರುವುದು.

ಅದು ವಾಪಸ್ ಕೊಡುವುದು ಆಪ್ಷನ್ (ಬೆಲೆ ಇರಬಹುದು, ಇಲ್ಲದೆಯೂ ಇರಬಹುದು), ನೆನಪಿರಲಿ. ಇಡೀ ವ್ಯೂ ಮೆಮೊರಿಯಲ್ಲಿ ಒಂದೇ ಪಟ್ಟಿಯಾಗಿ, ಕ್ರಮವಾಗಿ ಇದ್ದರೆ ಮಾತ್ರ ಸ್ಲೈಸ್ ಸಿಗುತ್ತದೆ, ಇಲ್ಲದಿದ್ದರೆ 'ನನ್', ಅಂದರೆ ಏನೂ ಇಲ್ಲ. ವಿಡಿಯೊ ಫ್ರೇಮ್‌ಗಳಲ್ಲಿ ಇದು ಜೋರಾಗಿ ಹೊಡೆಯುತ್ತದೆ. ಡ್ರೈವರ್ ಪ್ರತಿ ಸಾಲನ್ನೂ 64 ಬೈಟಿಗೆ ಅಲೈನ್ ಮಾಡುತ್ತದೆ ಅಂದುಕೊಳ್ಳಿ. ಗ್ರೇಸ್ಕೇಲ್‌ನಲ್ಲಿ 1280, 1920 ಅಗಲ ಎರಡೂ 64ರಿಂದ ಭಾಗವಾಗುತ್ತವೆ, ಟೆಸ್ಟ್ ಎಲ್ಲ ಪಾಸ್. 1366 ಅಗಲದ ಫ್ರೇಮ್ ಬಂದ ದಿನ ಸಾಲಿನ ನಿಜವಾದ ಉದ್ದ 1408 ಆಗುತ್ತದೆ. ಅಗಲವೇ ಸ್ಟ್ರೈಡ್ ಅಂದುಕೊಂಡು ಬರೆದ ಕೋಡು ಪ್ರತಿ ಸಾಲಿಗೂ 42 ಬೈಟ್ ಜಾರುತ್ತದೆ, ಚಿತ್ರ ಓರೆಯಾಗಿ ಹರಿದುಹೋಗುತ್ತದೆ. ಅಗಲ ಮತ್ತು ಸ್ಟ್ರೈಡ್ ಎರಡನ್ನೂ ಬೇರೆ ಬೇರೆಯಾಗಿ ಹೊತ್ತುಕೊಂಡು ಹೋಗುವ ವ್ಯೂ ಬಳಸಿದರೆ ಈ ಬಗ್ ಹುಟ್ಟುವುದೇ ಇಲ್ಲ. ಟೆಸ್ಟಿಗೆ 64ರಿಂದ ಭಾಗವಾಗದ ಅಗಲದ ಫ್ರೇಮ್ ಒಂದನ್ನು ಇಟ್ಟುಕೊಂಡಿರಿ.

ಕಂಪೈಲರ್ ಒಪ್ಪಿತು ಅಂದಮೇಲೂ ಹಾರ್ಡ್‌ವೇರ್ ಒಪ್ಪಬೇಕಲ್ಲ. ಬೆಸ ಕಾಲಮ್ ಒಂದು ಥ್ರೆಡ್ಡಿಗೆ, ಸಮ ಕಾಲಮ್ ಇನ್ನೊಂದಕ್ಕೆ ಕೊಟ್ಟರೆ ರಸ್ಟ್ ತಕರಾರು ಮಾಡುವುದಿಲ್ಲ. ಆದರೆ 64 ಬೈಟಿನ ಒಂದು ಕ್ಯಾಶ್ ಲೈನಿನಲ್ಲಿ (ಪ್ರೊಸೆಸರ್ ಮೆಮೊರಿಯಿಂದ ಒಮ್ಮೆಗೆ ಎತ್ತಿಕೊಳ್ಳುವ ತುಂಡು) 16 ಎಫ್32 ಇರುತ್ತವೆ, ಎಂಟು ಇವನವು, ಎಂಟು ಅವನವು, ಲೈನು ಎರಡು ಕೋರ್‌ಗಳ ನಡುವೆ ಓಡಾಡುತ್ತಲೇ ಇರುತ್ತದೆ. ಎರಡು ಥ್ರೆಡ್ ಹಾಕಿ ಒಂದಕ್ಕಿಂತ ನಿಧಾನ ಆಯಿತು ಅಂತ ಬರುವ ಪ್ರಶ್ನೆಗಳಲ್ಲಿ ಎಷ್ಟೋ ಇದೇ ಜಾತಿಯವು. ಸಾಲುಗಳ ಗುಂಪು ಮಾಡಿ ಹಂಚಿ, 'ಆ್ಯಕ್ಸಿಸ್ ಚಂಕ್ಸ್ ಇಟರ್ ಮ್ಯೂಟ್' ಜೊತೆ ರೇಯಾನ್ (ಕೆಲಸವನ್ನು ಥ್ರೆಡ್‌ಗಳಿಗೆ ಹಂಚುವ ಕ್ರೇಟ್) ಸೇರಿಸಿದರೆ ಕೆಲಸ ಆಯಿತು. ಕಾಲಮ್ ಉದ್ದಕ್ಕೇ ನಡೆಯಬೇಕಾದರೆ 1024ರಂಥ ಅಗಲ ಬೇಡ. ಸಾಲಿಗೆ 4096 ಬೈಟ್ ಆಗುತ್ತದೆ, 32 ಕೆಬಿ, ಎಂಟು ವೇ (ಪ್ರತಿ ಸೆಟ್ಟಿಗೆ ಎಂಟು ಲೈನು) ಇರುವ ಎಲ್1 ಕ್ಯಾಶ್‌ನಲ್ಲಿ ಆ ಕಾಲಮ್ಮಿನ ಎಲ್ಲ ಮನೆಗಳೂ ಒಂದೇ ಸೆಟ್ಟಿಗೆ ಹೋಗಿ ನುಗ್ಗುತ್ತವೆ, ಎಂಟಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಅಗಲವನ್ನು 1040 ಮಾಡಿ ಮೊದಲ 1024 ಕಾಲಮ್ಮಿನ ವ್ಯೂ ಬಳಸಿ.

ಕೊನೆಗೆ ಒಂದು ಹಳ್ಳ. ಶಾಖದ ಸಮೀಕರಣದಂಥದ್ದಕ್ಕೆ ಎರಡು ಬಫರ್ ಇಟ್ಟುಕೊಂಡು ಪ್ರತಿ ಸುತ್ತಿಗೂ ಸ್ವಾಪ್ ಮಾಡುವುದು ರೂಢಿ. ಬಫರ್‌ಗಳ ಮಾಲೀಕತ್ವ ನಿಮ್ಮ ಫಂಕ್ಷನ್ನಿನ ಬಳಿ ಇದ್ದರೆ ತೊಂದರೆ ಇಲ್ಲ. ಆದರೆ ಕರೆದವರು ಎರಡು ಮ್ಯೂಟಬಲ್ ವ್ಯೂ ಕೊಟ್ಟಿದ್ದರೆ ನೀವು ಸ್ವಾಪ್ ಮಾಡುವುದು ನಿಮ್ಮ ಕೈಯಲ್ಲಿರುವ ವ್ಯೂಗಳನ್ನು ಮಾತ್ರ, ಅವರ ಬಫರ್‌ಗಳನ್ನಲ್ಲ. ಸುತ್ತುಗಳ ಸಂಖ್ಯೆ ಸಮ ಅಥವಾ ಬೆಸ ಅನ್ನುವುದರ ಮೇಲೆ ಉತ್ತರ ಒಮ್ಮೆ ಈ ಬಫರ್‌ನಲ್ಲಿ, ಒಮ್ಮೆ ಆ ಬಫರ್‌ನಲ್ಲಿ ಉಳಿಯುತ್ತದೆ. ಬಾರೋ ಚೆಕರ್, ಅಂದರೆ ಮೊದಲು ಹೇಳಿದ ಎರರ್‌ಗಳನ್ನು ಕೊಡುವ ಕಂಪೈಲರ್‌ನ ಭಾಗ, ಇದನ್ನು ಹಿಡಿಯುವುದಿಲ್ಲ, ಅದರ ಪ್ರಕಾರ ಎಲ್ಲ ಸರಿಯಾಗಿಯೇ ಇದೆ. ಉತ್ತರ ಯಾವುದರಲ್ಲಿದೆ ಅಂತ ವಾಪಸ್ ಹೇಳಿ, ಇಲ್ಲವೇ ಬೇಕಾದಾಗ ಕೊನೆಯಲ್ಲಿ ಒಂದು ಕಾಪಿ ಹೊಡೆದು ಮೊದಲನೆಯದಕ್ಕೇ ತನ್ನಿ. ಸಾವಿರ ಸುತ್ತು ಓಡುವ ಲೂಪಿನಲ್ಲಿ ಆ ಒಂದು ಕಾಪಿಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.