ರಾಡ್‌ಬರ್ನ್ ಗೆದ್ದದ್ದು 59 ಪಂದ್ಯವೋ, 60 ಪಂದ್ಯವೋ?

ಓದುಗರ ಪ್ರಶ್ನೆ: ಚಾರ್ಲ್ಸ್ ರಾಡ್‌ಬರ್ನ್ ಎಂಬ ಬೇಸ್‌ಬಾಲ್ ಪಿಚರ್ 1884ರಲ್ಲಿ 59 ಪಂದ್ಯ ಗೆದ್ದನೆಂದು ಒಂದು ಕಡೆ, 60 ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ? ಒಬ್ಬನೇ ಅಷ್ಟು ಗೆದ್ದದ್ದಾದರೂ ಹೇಗೆ?

ತಕರಾರು ಇರುವುದು ಒಂದೇ ಪಂದ್ಯದ್ದು. ಬೇಸ್‌ಬಾಲಿನಲ್ಲಿ ತಂಡದ ಗೆಲುವನ್ನು ಒಬ್ಬ ಪಿಚರ್‌ನ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನ, ಹೆಸರಿಗೆ ಬರೆಯುತ್ತಾರೆ. ಜುಲೈ 28ರಂದು ಫಿಲಡೆಲ್ಫಿಯಾ ವಿರುದ್ಧ, ರಾಡ್‌ಬರ್ನ್ ಆಡುತ್ತಿದ್ದ ಪ್ರಾವಿಡೆನ್ಸ್ ಗ್ರೇಸ್ ತಂಡದ ಇನ್ನೊಬ್ಬ ಪಿಚರ್ ಸೈಕ್ಲೋನ್ ಮಿಲ್ಲರ್ ಪಂದ್ಯದ ಒಂಬತ್ತರಲ್ಲಿ ಐದು ಇನ್ನಿಂಗ್ಸ್ ಎಸೆದು, ತಂಡ ಮುಂದಿದ್ದಾಗ ಚೆಂಡು ಬಿಟ್ಟುಕೊಟ್ಟ. ಉಳಿದದ್ದನ್ನು ಮುಗಿಸಿದವನು ರಾಡ್‌ಬರ್ನ್. ಇಂದಿನ ನಿಯಮದಂತೆ ಆ ಗೆಲುವು ಮಿಲ್ಲರ್‌ನದು, ಹಾಗಾಗಿ 59. ಅದನ್ನೂ ರಾಡ್‌ಬರ್ನ್‌ಗೆ ಸೇರಿಸಿದರೆ 60. ಎಲ್ಲ ಕಾಲದ ಪಿಚರ್‌ಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯುವುದಾದರೆ 59 ಎನ್ನುವುದೇ ನ್ಯಾಯ.

ಎರಡನೇ ಪ್ರಶ್ನೆಗೆ ಉತ್ತರ ಆ ವರ್ಷದ ಜುಲೈ 22ರಲ್ಲಿದೆ. ತಂಡದ ಇನ್ನೊಬ್ಬ ದೊಡ್ಡ ಪಿಚರ್ ಚಾರ್ಲಿ ಸ್ವೀನಿಗೆ, ಚೆಂಡನ್ನು ಮಿಲ್ಲರ್‌ಗೆ ಕೊಟ್ಟು ರೈಟ್ ಫೀಲ್ಡಿಗೆ (ಮೈದಾನದ ಬಲಬದಿಯ ದೂರದ ಫೀಲ್ಡಿಂಗ್ ಜಾಗ) ಹೋಗೆಂದರು. ಆತ ಒಪ್ಪದೆ ಮೈದಾನ ಬಿಟ್ಟೇ ನಡೆದ. ಆಗ ಬದಲಿ ಆಟಗಾರರನ್ನು ಬೇಕೆಂದಾಗ ಇಳಿಸುವಂತಿರಲಿಲ್ಲ; ಒಂಬತ್ತರ ಬದಲು ಎಂಟೇ ಜನ ಆಡಿ ಸೋತರು. ರಾಡ್‌ಬರ್ನ್ ಆ ಹೊತ್ತಿಗೆ ಅಮಾನತಿನಲ್ಲಿದ್ದ. ಹೆಚ್ಚಿನ ಹಣ, ವರ್ಷದ ಕೊನೆಗೆ ಕರಾರಿನಿಂದ ಬಿಡುಗಡೆ ಎಂಬ ಷರತ್ತಿನ ಮೇಲೆ ಮರಳಿ ಬಂದು, ಉಳಿದ ಪಂದ್ಯಗಳ ಭಾರವನ್ನು ಬಹುತೇಕ ತಾನೇ ಹೊತ್ತ.

ನಿಯಮಗಳೂ ನೆರವಾದವು. ಪಿಚರ್ ನಿಲ್ಲುತ್ತಿದ್ದ ಚೌಕದ ಮುಂದಿನ ಗೆರೆ ಬ್ಯಾಟರ್‌ನಿಂದ 50 ಅಡಿ ದೂರದಲ್ಲಿತ್ತು. ಇಂದು ಆ ಅಂತರ 60 ಅಡಿ 6 ಅಂಗುಲ. ಈಗಿನಂತೆ ದಿಬ್ಬವಿಲ್ಲ, ಸಮತಟ್ಟು ನೆಲ. ಚೌಕದೊಳಗೆ ಎರಡು ಹೆಜ್ಜೆ ಓಡಿ ಎಸೆಯಬಹುದಿತ್ತು. ಭುಜದ ಮೇಲಿಂದ ಎಸೆಯಲು, ತಂಡ ಆಡುತ್ತಿದ್ದ ನ್ಯಾಷನಲ್ ಲೀಗ್ ಆ ವರ್ಷವೇ ಅನುಮತಿ ಕೊಟ್ಟಿತಾದರೂ ರಾಡ್‌ಬರ್ನ್ ಹೆಚ್ಚಾಗಿ ಕೆಳಗಿನಿಂದಲೇ ಎಸೆಯುತ್ತಿದ್ದ. ಭುಜಕ್ಕೆ ಅದು ಸ್ವಲ್ಪ ಹಗುರ.

ಹಾಗೆಂದು ನೋವು ತಪ್ಪಲಿಲ್ಲ. 73 ಪಂದ್ಯ ಆರಂಭಿಸಿ, 73ನ್ನೂ ತಾನೇ ಮುಗಿಸಿದ. ಒಟ್ಟು 678 ಇನ್ನಿಂಗ್ಸ್‌ಗೂ ಹೆಚ್ಚು, 441 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡುವುದು). ಬೆಳಿಗ್ಗೆ ತಲೆ ಬಾಚಿಕೊಳ್ಳಲೂ ಕೈ ಮೇಲೆತ್ತಲಾಗುತ್ತಿರಲಿಲ್ಲವಂತೆ. ತಂಡ 84 ಗೆದ್ದು 28 ಸೋತು ಲೀಗ್ ಗೆದ್ದಿತು. ಅಕ್ಟೋಬರಿನಲ್ಲಿ ಇನ್ನೊಂದು ಲೀಗ್ ಗೆದ್ದಿದ್ದ ನ್ಯೂಯಾರ್ಕ್ ಮೆಟ್ರೋಪಾಲಿಟನ್ಸ್ ವಿರುದ್ಧದ ಮೂರೂ ಪಂದ್ಯ ಗೆದ್ದಿತು. ಆ ಮೂರನ್ನೂ ಎಸೆದವನು ಅವನೇ.

ಮರುವರ್ಷ ಗೆಲುವು 28ಕ್ಕಿಳಿಯಿತು. 1891ರಲ್ಲಿ ಆಟ ನಿಲ್ಲಿಸಿದ. 1897ರಲ್ಲಿ, 42ನೇ ವಯಸ್ಸಿನಲ್ಲಿ, ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ತೀರಿಕೊಂಡ. ವೃತ್ತಿಜೀವನದ ಒಟ್ಟು ಗೆಲುವು 309 ಎಂದೂ 310 ಎಂದೂ ಕಾಣುತ್ತದೆ. ಅಲ್ಲಿಯೂ ವ್ಯತ್ಯಾಸ ಅದೇ ಜುಲೈ 28ರ ಪಂದ್ಯದ್ದು.