ಇಬ್ಬರೇ ಮಂಗಳೂರಿಗೆ ಹೋಗ್ತಿದ್ದೀವಿ, ಮೂರು ದಿನ ಸಾಕಾ?

ಪ್ರಶ್ನೆ: ಅಕ್ಕಾ, ಮದುವೆಯಾಗಿ ಒಂಬತ್ತು ವರ್ಷ ಆಯ್ತು. ನಾವಿಬ್ಬರೇ ಅಂತ ಇದುವರೆಗೂ ಎಲ್ಲಿಗೂ ಹೋಗಿಲ್ಲ. ಈ ಸಲ ಮಕ್ಕಳನ್ನು ಅಮ್ಮನ ಮನೇಲಿ ಬಿಟ್ಟು ಮಂಗಳೂರಿಗೆ ಹೋಗೋಣ ಅಂದುಕೊಂಡಿದ್ದೀವಿ. ಮೂರು ದಿನ ಸಾಕಾ? ಯಾವ ತಿಂಗಳು ಒಳ್ಳೇದು? ರೈಲಾ, ಕಾರಾ? ಏನೇನು ನೋಡಬಹುದು? (ಹಾಸನದ ಓದುಗರೊಬ್ಬರು)

ಮೂರು ದಿನ ಸಾಕು. ಧಾರಾಳವಾಗಿ ಸಾಕು. ಆದರೆ ಆ ಮೂರು ದಿನಕ್ಕೆ ಬೇರೆ ಯಾವುದನ್ನೂ ಸೇರಿಸಬೇಡಿ.

ಯಾಕೆ ಹೇಳ್ತೀನಿ ಅಂದ್ರೆ, ನಮ್ಮ ಕಡೆ ಮಂಗಳೂರಿನ ಹೆಸರು ಎತ್ತಿದ ತಕ್ಷಣ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಹೆಂಗೂ ಆ ಕಡೆ ಹೋಗ್ತೀರಲ್ಲ, ಧರ್ಮಸ್ಥಳಕ್ಕೂ ಹೋಗಿ ಬಂದ್ಬಿಡಿ." ಧರ್ಮಸ್ಥಳ ಅಂದ ಮೇಲೆ ಸುಬ್ರಹ್ಮಣ್ಯ ಬಿಡೋಕಾಗುತ್ತಾ? ಅಲ್ಲಿಂದ ಕಟೀಲು, ಕಟೀಲಿನಿಂದ ಉಡುಪಿ. ನೋಡನೋಡುತ್ತಿದ್ದಂತೆ ನಿಮ್ಮಿಬ್ಬರ ಪ್ರವಾಸ ನಾಲ್ಕು ದೇವಸ್ಥಾನದ ಯಾತ್ರೆ ಆಗಿರುತ್ತದೆ. ಹಿಂದಿನ ಸೀಟಿನಲ್ಲಿ ಅತ್ತೆಯೂ ಕೂತಿರುತ್ತಾರೆ. ದೇವರಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಮನೆಯವರೆಲ್ಲ ಸೇರಿ ಇನ್ನೊಂದು ಸಲ ಹೋಗಿ. ಈ ಸಲ ಬೇಡ.

ತಿಂಗಳ ವಿಷಯಕ್ಕೆ ಬರೋಣ. ಯಾರನ್ನು ಕೇಳಿದರೂ ನವೆಂಬರ್‌ನಿಂದ ಫೆಬ್ರವರಿ ಅನ್ನುತ್ತಾರೆ. ಅದು ಸರಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಜಡಿಮಳೆ, ಸಮುದ್ರ ಹುಚ್ಚೆದ್ದಿರುತ್ತದೆ. ಮಾರ್ಚ್ ದಾಟಿತೋ, ಸೆಕೆ. ನಮ್ಮದು ಮೂರು ಸಾವಿರ ಅಡಿ ಎತ್ತರದ ಊರು. ಇಲ್ಲಿ ಎಷ್ಟೇ ಬಿಸಿಲಿರಲಿ, ನೆರಳಿಗೆ ಬಂದರೆ ಮೈ ತಣ್ಣಗಾಗುತ್ತದೆ. ಅಲ್ಲಿ ನೆರಳಲ್ಲಿ ಕೂತರೂ ಬೆವರು ಇಳಿಯುತ್ತಲೇ ಇರುತ್ತದೆ. ಗಾಳಿಯಲ್ಲೇ ಅಷ್ಟು ನೀರಿನ ಪಸೆ ತುಂಬಿಕೊಂಡಿರುವಾಗ ಬೆವರು ಒಣಗುವುದಾದರೂ ಹೇಗೆ?

ಆದರೆ ನಮ್ಮೂರಿನ ಕ್ಯಾಲೆಂಡರನ್ನೂ ನೋಡಬೇಕಲ್ವಾ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆಯುತ್ತಾರೆ. ವರ್ಷಕ್ಕೊಂದೇ ಸಲ. ಆಗ ಊರಿನ ಪ್ರತಿ ಮನೆಯಲ್ಲೂ ನೆಂಟರು. ಆ ವಾರ ಮನೆ ಬಿಟ್ಟು ಹೊರಟರೆ ಮುಂದಿನ ದೀಪಾವಳಿವರೆಗೂ ಮಾತು ಕೇಳಬೇಕಾಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟ ಇದ್ದವರಿಗೆ ಡಿಸೆಂಬರ್, ಜನವರಿಯೂ ಆಗುವುದಿಲ್ಲ. ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ, ಕಣದಲ್ಲಿ ಹರಡಿದ ಕಾಫಿ. ಆಳು ಸಿಗದ ಕಾಲದಲ್ಲಿ ಯಜಮಾನರನ್ನು ಬೀಚಿಗೆ ಕರೆದರೆ ಬರ್ತಾರಾ? ಹಾಗಾಗಿ ನನ್ನ ಲೆಕ್ಕಕ್ಕೆ ಹಾಸನಾಂಬೆ ಬಾಗಿಲು ಹಾಕಿದ ಮೇಲೆ, ಕೊಯ್ಲು ಜೋರಾಗುವ ಮುಂಚೆ ಸಿಗುವ ಎರಡು ಮೂರು ವಾರವೇ, ಅಂದರೆ ಹೆಚ್ಚುಕಮ್ಮಿ ನವೆಂಬರ್, ಒಳ್ಳೆಯದು. ಮಳೆ ಮುಗಿದಿರುತ್ತದೆ, ಘಟ್ಟ ಇನ್ನೂ ಹಸಿರಾಗಿರುತ್ತದೆ. ಶನಿವಾರ, ಭಾನುವಾರ ಬಿಟ್ಟು ವಾರದ ಮಧ್ಯೆ ಹೋದರೆ ರೂಮಿನ ಬಾಡಿಗೆಯೂ ಕಡಿಮೆ, ಬೀಚಿನಲ್ಲಿ ಜನವೂ ಕಡಿಮೆ.

ರೈಲಾ ಕಾರಾ ಅಂತ ಕೇಳಿದಿರಿ. ಹೋಗುವಾಗ ರೈಲು. ಅದೂ ಹಗಲು ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, ಅಷ್ಟರಲ್ಲಿ 57 ಸುರಂಗ. ಈ ದಾರಿಯಲ್ಲಿ ಮೊದಲು ಮೀಟರ್‌ಗೇಜ್ ರೈಲು ಓಡುತ್ತಿತ್ತು. ಬ್ರಾಡ್‌ಗೇಜ್ ಮಾಡುವುದಕ್ಕೆ ಅಂತ ನಿಲ್ಲಿಸಿದವರು ಮತ್ತೆ ಪ್ರಯಾಣಿಕರ ರೈಲು ಬಿಟ್ಟಿದ್ದು 2007ರಲ್ಲಿ. ಇಳಿಜಾರು ಎಷ್ಟು ಕಡಿದು ಅಂದರೆ ರೈಲು ನಡೆದುಕೊಂಡು ಹೋದ ಹಾಗೆ ಹೋಗುತ್ತದೆ. ಸುರಂಗ ಬಂದಾಗೆಲ್ಲ ಬೋಗಿಯಲ್ಲಿದ್ದ ಹುಡುಗರು ಕೂಗುತ್ತಾರೆ, ದೊಡ್ಡವರೂ ಸಣ್ಣಗೆ ನಗುತ್ತಾರೆ. ಮಧ್ಯೆ ಎಡಕುಮೇರಿ ಅಂತ ಒಂದು ಪುಟ್ಟ ನಿಲ್ದಾಣ, ಸುತ್ತ ಬರೀ ಕಾಡು. ಒಂಬತ್ತು ವರ್ಷದ ಮೇಲೆ ಇಬ್ಬರೇ ಹೊರಟವರಿಗೆ ಕಿಟಕಿ ಪಕ್ಕ ಎದುರುಬದುರು ಕೂತು ಮಾತಾಡೋಕೆ ಇದಕ್ಕಿಂತ ಒಳ್ಳೆ ಜಾಗ ನನಗಂತೂ ಗೊತ್ತಿಲ್ಲ. ರಾತ್ರಿ ರೈಲಿನಲ್ಲಿ ಹೋದರೆ ಇದರಲ್ಲಿ ಒಂದೂ ಕಾಣುವುದಿಲ್ಲ. ಹಗಲು ರೈಲು ಯಾವ ದಿನ ಇದೆ ಅಂತ ಮೊದಲು ನೋಡಿ, ರಜೆ ಆಮೇಲೆ ಹಾಕಿ. ಮಂಗಳೂರು ಜಂಕ್ಷನ್ ಬೇರೆ, ಮಂಗಳೂರು ಸೆಂಟ್ರಲ್ ಬೇರೆ. ಟಿಕೆಟ್‌ನಲ್ಲಿ ಯಾವುದಿದೆ ಅಂತಲೂ ನೋಡಿಕೊಳ್ಳಿ.

ರಸ್ತೆಯಲ್ಲಾದರೆ ಸುಮಾರು 170 ಕಿಲೋಮೀಟರ್. ಶಿರಾಡಿ ಘಾಟಿ ಇಳಿದು ಗುಂಡ್ಯ, ಉಪ್ಪಿನಂಗಡಿ, ಬಿ.ಸಿ.ರೋಡ್. ಟ್ಯಾಂಕರ್ ಹಿಂದೆ ಸಿಕ್ಕಿಕೊಂಡರೆ ನಿಮ್ಮ ಯಜಮಾನರ ಕಣ್ಣು ರಸ್ತೆ ಮೇಲೆ, ನಿಮ್ಮ ಕಣ್ಣು ಅವರ ಮುಖದ ಮೇಲೆ. ಮಳೆಗಾಲದಲ್ಲಂತೂ ಗುಡ್ಡ ಕುಸಿದು ದಾರಿಯೇ ಬಂದ್ ಆಗುವುದುಂಟು. ಚಿಕ್ಕಮಗಳೂರಿನವರಿಗೆ ಚಾರ್ಮಾಡಿ ಘಾಟಿ ಹತ್ತಿರ. ತಿರುವು ಜಾಸ್ತಿ, ಕತ್ತಲಾದ ಮೇಲೆ ಮಂಜು ಕವಿಯುತ್ತದೆ, ಬೆಳಗ್ಗೆಯೇ ಹೊರಡಿ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿನ್ನದೆ ಘಾಟಿ ಇಳಿದವರನ್ನು ನಾನು ನೋಡಿಲ್ಲ.

ರೂಮಿನ ವಿಷಯದಲ್ಲಿ ನಾನೇ ಮೋಸ ಹೋದವಳು. ನಮ್ಮ ಮೊದಲ ಪ್ರವಾಸದಲ್ಲಿ "ಸಮುದ್ರ ಕಾಣುವ ರೂಮು" ಅಂತ ಜಾಸ್ತಿ ದುಡ್ಡು ಕೊಟ್ಟು ಒಂದು ಲಾಡ್ಜ್‌ನಲ್ಲಿ ಬುಕ್ ಮಾಡಿದ್ದೆವು. ಹೋಗಿ ಕಿಟಕಿ ತೆಗೆದರೆ ಎದುರು ಮನೆಯ ಎರಡು ಸಿಂಟೆಕ್ಸ್ ಟ್ಯಾಂಕು. ಆ ಎರಡರ ಸಂದಿಯಲ್ಲಿ, ಸ್ನಾನದ ಮನೆಯ ಸ್ಟೂಲ್ ತಂದು ಹತ್ತಿ ನಿಂತರೆ, ಕೈಯಗಲ ನೀಲಿ. ನಮ್ಮನೆಯವರು ಮೂರು ದಿನವೂ ಬೆಳಗ್ಗೆ ಸ್ಟೂಲ್ ಹತ್ತಿ "ಇದೆ ಇದೆ, ಎಲ್ಲೂ ಹೋಗಿಲ್ಲ" ಅಂತಿದ್ದರು. ಅದಕ್ಕೇ ಹೇಳೋದು, ಫೋನ್ ಮಾಡಿ "ಬೀಚಿಗೆ ನಡೆದು ಹೋಗೋಕೆ ಎಷ್ಟು ನಿಮಿಷ?" ಅಂತ ಕೇಳಿ. ಕಾಣುತ್ತಾ ಅಂತ ಕೇಳಬೇಡಿ. ನಡೆಯುವಷ್ಟು ಹತ್ತಿರ ಇಲ್ಲ ಅಂದರೆ ಸುಮ್ನೆ ಊರೊಳಗೆ ಹಂಪನಕಟ್ಟೆ ಕಡೆ ಉಳಿದುಕೊಳ್ಳಿ, ಊಟಕ್ಕೆ ಅನುಕೂಲ. ಅಲ್ಲಿಂದ ಪಣಂಬೂರು ಬೀಚು ಹತ್ತು ಕಿಲೋಮೀಟರ್ ಆಸುಪಾಸು. ಸಿಟಿ ಬಸ್ಸಿನವರು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಅಂತ ಕೂಗುತ್ತಿದ್ದರೆ ಅದು ಬ್ಯಾಂಕಲ್ಲ, ಸಿಟಿ ಬಸ್ ಸ್ಟ್ಯಾಂಡ್. ಇಬ್ಬರ ಆಧಾರ್ ಕಾರ್ಡೂ ಜೊತೆಗಿರಲಿ, ಒಬ್ಬರದು ಸಾಲುವುದಿಲ್ಲ.

ಇನ್ನು ಏನೇನು ನೋಡಬೇಕು ಅನ್ನೋದು. ಇಲ್ಲಿ ನಾನು ಪಟ್ಟಿ ಕೊಡುವುದಿಲ್ಲ. ಜಾಗಕ್ಕಿಂತ ಹೊತ್ತು ಮುಖ್ಯ. ಸಮುದ್ರಕ್ಕೆ ಎರಡೇ ಹೊತ್ತು: ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆ ಮೇಲೆ. ನಾವು ಆ ಮೊದಲ ಸಲ ಹೋಗಿದ್ದು ಏಪ್ರಿಲ್‌ನಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ. ಚಪ್ಪಲಿ ದೂರ ಬಿಟ್ಟು ನೀರಿಗೆ ಹೋದೆವು. ವಾಪಸ್ ಬರುವಾಗ ಮರಳು ಕಾದ ಹೆಂಚಾಗಿತ್ತು. ನಮ್ಮನೆಯವರು ಟವೆಲ್ ಹಾಸಿ ಅದರ ಮೇಲೆ ನಿಂತು, ಎತ್ತಿ, ಮುಂದೆ ಹಾಸಿ, ಮತ್ತೆ ನಿಂತು, ಹೀಗೆ ಚಪ್ಪಲಿಯವರೆಗೆ ಬಂದರು. ನಾನು ಓಡಿದೆ. ರಾತ್ರಿಯಿಡೀ ಅಂಗಾಲಿಗೆ ತೆಂಗಿನೆಣ್ಣೆ.

ಮೊದಲ ದಿನ ಹೋಗಿ ಇಳಿದು, ಊಟ ಮಾಡಿ ಮಲಗಿಬಿಡಿ. ನಾಲ್ಕು ಗಂಟೆಗೆ ಎದ್ದು ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು ಕಾಲದ ಕಪ್ಪು ಕಲ್ಲಿನ ಕಾವಲು ಕೋಟೆ, ಐದು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ನಿಜವಾದ ಮಜಾ ಅದರ ಪಕ್ಕದ ದೋಣಿ. ಗುರುಪುರ ನದಿಗೆ ಅಡ್ಡ ದಾಟಿಸಿ ಆಚೆ ದಡಕ್ಕೆ ಬಿಡುತ್ತದೆ. ಮೀನಿನ ಬುಟ್ಟಿ ಹಿಡಿದವರು, ಕೆಲಸ ಮುಗಿಸಿ ಮನೆಗೆ ಹೋಗುವವರು, ಅವರ ಮಧ್ಯೆ ನೀವಿಬ್ಬರು. ಆಚೆ ಇಳಿದು ಸ್ವಲ್ಪ ನಡೆದರೆ ತಣ್ಣೀರುಬಾವಿ ಬೀಚು. ಈ ಕಡೆ ನದಿ, ಆ ಕಡೆ ಕಡಲು, ನಡುವೆ ಒಂದು ಪಟ್ಟಿ ನೆಲ. ಗಾಳಿಮರದ ಕೆಳಗೆ ಕೂತು ಸೂರ್ಯ ಮುಳುಗುವುದನ್ನು ನೋಡಿ. ಚಳಿಗಾಲದಲ್ಲಿ ಆರು, ಆರೂವರೆಗೆಲ್ಲ ಮುಳುಗಿಬಿಡುತ್ತಾನೆ. ಐದಕ್ಕೇ ಮರಳಿನ ಮೇಲಿರಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ದೋಣಿಯವರನ್ನು ಕೇಳಿಟ್ಟುಕೊಳ್ಳಿ, ಇಲ್ಲದಿದ್ದರೆ ಆಟೋ ಹಿಡಿದು ಊರೆಲ್ಲ ಸುತ್ತಿ ಬರಬೇಕು.

ಎರಡನೇ ದಿನ ಬೇಗ ಎದ್ದು ಮಲ್ಪೆ. ಸುಮಾರು 60 ಕಿಲೋಮೀಟರ್. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. ಪೆನ್ಸಿಲ್ ಕಟ್ಟು ನಿಲ್ಲಿಸಿಟ್ಟ ಹಾಗೆ ಕಲ್ಲಿನ ಕಂಬಗಳು. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟುಹೋಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣ್ಣಗಾಗುತ್ತಾ ಕುಗ್ಗಿ, ಕೆರೆಯ ಕೆಸರು ಒಣಗಿ ಬಿರಿದ ಹಾಗೆ ಬಿರಿಯಿತು. ಹಳೇಬೀಡು ನೋಡಿ ಬೆಳೆದವರು ನಾವು, ಕಲ್ಲು ಅಂದರೆ ಉಳಿ ಬಿದ್ದಿರಲೇಬೇಕು ಅಂದುಕೊಂಡಿರುತ್ತೇವೆ. ದ್ವೀಪದಲ್ಲಿ ನೆರಳು ಕಡಿಮೆ, ಉಳಿಯೋಕೆ ಬಿಡುವುದಿಲ್ಲ. ಬೆಳಗಿನ ಮೊದಲ ದೋಣಿಗೇ ಹೋಗಿ. ವಾಪಸ್ ಬರುವಾಗ ದಾರಿಯಲ್ಲೇ ಕಾಪು ಸಿಗುತ್ತದೆ. ಬಂಡೆಯ ಮೇಲೆ 1901ರ ದೀಪಸ್ತಂಭ. ಸಂಜೆ ಅಲ್ಲೇ ಕಳೆಯಿರಿ. ಅಷ್ಟೇ. ಉಡುಪಿಯ ಮಠ ಹತ್ತಿರವೇ ಅಲ್ವಾ ಅನ್ನಬೇಡಿ, ಮೇಲೆ ಹೇಳಿದ್ದು ನೆನಪಿರಲಿ.

ಮೂರನೇ ದಿನ ಊರೊಳಗೆ. ಸೇಂಟ್ ಅಲೋಶಿಯಸ್ ಚಾಪೆಲ್ ಒಂದನ್ನು ಮಾತ್ರ ಬಿಡಬೇಡಿ. ಅಂತೋನಿಯೋ ಮೊಸ್ಕೇನಿ ಅನ್ನುವ ಇಟಲಿಯವರು 1900ರ ಆಸುಪಾಸಿನಲ್ಲಿ ಬಂದು ಗೋಡೆ, ಮಾಡು ಒಂದಿಷ್ಟೂ ಜಾಗ ಬಿಡದೆ ಚಿತ್ರ ಬರೆದಿದ್ದಾರೆ. ಒಳಗೆ ತಣ್ಣಗಿರುತ್ತದೆ, ಬೆಂಚಿನ ಮೇಲೆ ಕೂತು ಕತ್ತೆತ್ತಿ ನೋಡುತ್ತಾ ಬಿಸಿಲಿನ ಹೊತ್ತು ಕಳೆಯಬಹುದು. ಇದು ಪ್ರಾರ್ಥನೆಯ ಜಾಗ, ಹೋಗುವ ಮುಂಚೆ ವೇಳೆ ವಿಚಾರಿಸಿ.

ನವೆಂಬರ್ ಆದ್ದರಿಂದ ಇನ್ನೊಂದು ಮಾತು. ಆ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿರುತ್ತದೆ, ಕಂಬಳವೂ. ಉಳಿದುಕೊಂಡ ಕಡೆ "ಇವತ್ತು ಹತ್ತಿರದಲ್ಲಿ ಎಲ್ಲಾದ್ರೂ ಆಟ ಇದೆಯಾ?" ಅಂತ ಕೇಳಿ, ಅಲ್ಲಿ ಯಕ್ಷಗಾನಕ್ಕೆ ಆಟ ಅನ್ನುತ್ತಾರೆ. ಗದ್ದೆಯಲ್ಲಿ ಚೆಂಡೆ ಕೇಳುತ್ತಾ ಒಂದೆರಡು ಗಂಟೆ ಕೂತು ಬಂದರೂ ಸಾಕು.

ಊಟದ ಬಗ್ಗೆ ಬರೆಯದಿದ್ದರೆ ನೀವು ಬೈಯ್ಯುತ್ತೀರಿ. ಮೀನಿನ ಹೋಟೆಲಿನಲ್ಲಿ ಕೂತ ತಕ್ಷಣ ಸಪ್ಲೈಯರ್ ಕೇಳುತ್ತಾರೆ: "ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ನಮ್ಮನೆಯವರು ಬೆಳ್ತಿಗೆ ಅಂದರೆ ಯಾವುದೋ ಮೀನು ಅಂದುಕೊಂಡು "ಎರಡು ಬೆಳ್ತಿಗೆ ಫ್ರೈ" ಅಂದುಬಿಟ್ಟರು. ಆ ಹುಡುಗ ನಗಲಿಲ್ಲ, ಪಾಪ. "ಅದು ಅನ್ನ ಸಾರ್, ಬಿಳಿ ಅನ್ನ" ಅಂದ. ನಮಗೆ ರೂಢಿಯಿರುವುದು ಬೆಳ್ತಿಗೆಯೇ. ಆದರೆ ಮೀನಿನ ಗಸಿಗೆ ಆ ದಪ್ಪ ಕೆಂಪು ಕುಚ್ಚಲಕ್ಕಿಯೇ ಹೊಂದುತ್ತದೆ, ಒಂದು ಸಲ ತಿಂದು ನೋಡಿ. ಮುಳ್ಳಿನ ಭಯ ಇದ್ದರೆ ಅಂಜಲ್ ಅಥವಾ ಕಾಣೆ ತಗೊಳ್ಳಿ. ಬಂಗುಡೆ ಅಗ್ಗ, ರುಚಿಯೂ ಹೌದು, ಬಿಡಿಸೋಕೆ ತಾಳ್ಮೆ ಬೇಕು. ದೊಡ್ಡ ಮೀನಿಗೆ ಸೈಜ್ ನೋಡಿ ಬೆಲೆ ಹೇಳುತ್ತಾರೆ, ಮೊದಲೇ ಕೇಳಿಕೊಳ್ಳಿ. ಮೀನು ತಿನ್ನದವರಿಗೆ ಬೆಳಗ್ಗೆ ಬನ್ಸ್, ಸಂಜೆ ಗೋಳಿಬಜೆ. ಕೊನೆಗೆ ಉದ್ದ ಗ್ಲಾಸಿನ ಗಡ್‌ಬಡ್ ಐಸ್‌ಕ್ರೀಮ್. ಒಂದೇ ತಗೊಂಡು ಎರಡು ಚಮಚ ಕೇಳಿ, ಊಟದ ಮೇಲೆ ಒಬ್ಬರಿಗೆ ಒಂದು ಮುಗಿಯುವುದಿಲ್ಲ.

ನೀರಿನ ಬಗ್ಗೆ ಮಾತ್ರ ತಮಾಷೆ ಇಲ್ಲ. ನಾವು ಕೆರೆ, ಹೇಮಾವತಿ ನೋಡಿದವರು. "ನಂಗೆ ಈಜು ಬರುತ್ತೆ" ಅನ್ನುವ ಗಂಡಸರೇ ಕಡಲಲ್ಲಿ ಜಾಸ್ತಿ ಧೈರ್ಯ ಮಾಡೋದು. ಅಲೆ ತಂದು ಹಾಕಿದ ನೀರು ಎಲ್ಲೋ ಒಂದು ಕಡೆಯಿಂದ ವಾಪಸ್ ಹೋಗಲೇಬೇಕಲ್ವಾ, ಆ ಸೆಳೆತಕ್ಕೆ ಸಿಕ್ಕರೆ ಎಂಥ ಈಜುಗಾರನನ್ನೂ ಒಳಕ್ಕೆ ಎಳೆಯುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ಎದುರೀಜಬಾರದು. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ನೀರಿಗೆ ಇಳಿಯಲೇಬೇಕು ಅಂದರೆ ಜೀವರಕ್ಷಕರು ಇರುವ ಪಣಂಬೂರಿನಂಥ ಕಡೆ ಇಳಿಯಿರಿ, ಮೊಣಕಾಲಿನವರೆಗೆ ಮಾತ್ರ. ಉಳ್ಳಾಲದ ಸೋಮೇಶ್ವರದಲ್ಲಿ ಬಂಡೆಯ ಮೇಲಿಂದ ನೋಡೋಕೆ ಚೆನ್ನ, ಇಳಿಯೋಕಲ್ಲ. ಜೀವರಕ್ಷಕರು ಸೀಟಿ ಊದಿದರೆ ಯಜಮಾನರ ಕೈ ಹಿಡಿದು ಎಳೆದುಕೊಂಡು ಬನ್ನಿ.

ಬಟ್ಟೆ ಹತ್ತಿಯದೇ ಇರಲಿ, ಜೀನ್ಸ್ ಬೇಡ. ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಅಮ್ಮನ ಮನೆಗೆ ದಿನಕ್ಕೊಂದೇ ಸಲ ಫೋನ್, ರಾತ್ರಿ ಎಂಟಕ್ಕೆ ಅಂತ ಮೊದಲೇ ಹೇಳಿಬಿಡಿ. ಮಕ್ಕಳಿಗೆ ಅಂತ ದ್ವೀಪದಿಂದ ಕಲ್ಲು, ಚಿಪ್ಪು ಆರಿಸಿ ತರಬೇಡಿ. ತೆಂಗಿನೆಣ್ಣೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸ್ ತನ್ನಿ. ಎರಡು ಪ್ಯಾಕೆಟ್ ಕಟ್ಟಿಸಿಕೊಳ್ಳಿ, ಒಂದು ಗುಂಡ್ಯ ಬರುವಷ್ಟರಲ್ಲಿ ನೀವಿಬ್ಬರೇ ಖಾಲಿ ಮಾಡಿರುತ್ತೀರಿ.